ಗ್ರಂಥಾಲಯದ ಒಂದು ದಿನದ ತರಬೇತಿ: ಮಧ್ಯಾಹ್ನದ ಪಾಠಕ್ಕಾಗಿ ಹೋಗಬಹುದು

ರಾಜ್ಯದ ವಿಶ್ವವಿದ್ಯಾಲಯವೊಂದರ ಗ್ರಂಥಾಲಯವು ಪಿಎಚ್‌.ಡಿ. ವಿದ್ಯಾರ್ಥಿಗಳಿಗಾಗಿ ನಡೆಸುವ ಉಚಿತ ತರಬೇತಿಗೆ ಮಾರ್ಗದರ್ಶಕರಿಗೂ ಪ್ರವೇಶವಿದ್ದುದರಿಂದ ನಾನೂ ಹೋಗಿ ಕುಳಿತಿದ್ದೆ. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಕುರಿತ ಎರಡು ಕ್ರೆಡಿಟ್‌ಗಳ ಕೋರ್ಸನ್ನು ಯುಜಿಸಿ 2019ರಲ್ಲಿ ಕಡ್ಡಾಯಗೊಳಿಸಿದ ಮೇಲೆ ಗ್ರಂಥಪಾಲಕರು ತರಗತಿಯಲ್ಲಿ ನಿಲ್ಲಬೇಕಾದ ಸಂದರ್ಭಗಳು ಹೆಚ್ಚಿವೆ. ವರ್ಗೀಕರಣ, ಸೂಚೀಕರಣಗಳನ್ನು ಓದಿ ಬಂದವರಿಗೆ ಪಾಠ ಹೇಳುವುದನ್ನು ಯಾರೂ ಕಲಿಸಿರುವುದಿಲ್ಲ ಎಂಬುದು ಬೆಳಗಿನ ಅವಧಿಯಲ್ಲೇ ಗೊತ್ತಾಯಿತು.

ಬೆಳಗಿನ ಗ್ರಂಥಪಾಲಕರು ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾ, ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ, ಬರಹದ ಹೋಲಿಕೆ ಪತ್ತೆಹಚ್ಚುವ ಡ್ರಿಲ್‌ಬಿಟ್ ಎಂದು ಒಂದಾದ ಮೇಲೊಂದು ಪುಟ ತೆರೆದು, ಯಾವ ಮೆನುವಿನಲ್ಲಿ ಏನಿದೆ ಎಂದು ಓದಿ ಹೇಳಿದರು. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಡಿ 2025ರ ಜನವರಿಯಿಂದ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಲಭ್ಯವಿವೆ ಎಂದರು. ಅವುಗಳನ್ನು ಮನೆಯಿಂದ ಓದುವುದು ಹೇಗೆಂದು ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ 'ಆಮೇಲೆ ನೋಡೋಣ' ಎಂಬ ಉತ್ತರ ಸಿಕ್ಕಿತು. ಇನ್ನೂ ಬೇಸರವಾದದ್ದು ಕೃತಿಚೌರ್ಯದ ಭಾಗ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಬೇರೆ ಬರಹಗಳೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ ಎಂಬುದನ್ನು ಪಾಸಾಗುವ ಅಂಕದಂತೆ ವಿವರಿಸಿದ್ದರಿಂದ, ಕೇಳುತ್ತಿದ್ದವರು ಪದ ಬದಲಿಸುವ ಉಪಾಯಗಳ ಬಗ್ಗೆಯೇ ವಿಚಾರಿಸತೊಡಗಿದರು.

ಮಧ್ಯಾಹ್ನ ಕಂಪ್ಯೂಟರ್ ಕೊಠಡಿಯಲ್ಲಿ ಸಹಾಯಕ ಗ್ರಂಥಪಾಲಕಿಯೊಬ್ಬರು ಸ್ಲೈಡುಗಳನ್ನು ಬದಿಗಿಟ್ಟು 'ನಿಮ್ಮ ವಿಷಯ ಏನು?' ಎಂದು ಕೇಳಿದರು. ಕೋಲಾರದ ಕೆರೆ ನೀರಾವರಿಯ ಮೇಲೆ ಕೆಲಸ ಮಾಡುತ್ತಿರುವ ಅರ್ಥಶಾಸ್ತ್ರದ ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ಬರೇ 'ಟ್ಯಾಂಕ್' (ಕೆರೆ) ಎಂದು ಹುಡುಕಿದಾಗ ಇಂಧನದ ಟ್ಯಾಂಕು, ಸೆಪ್ಟಿಕ್ ಟ್ಯಾಂಕು, ಯುದ್ಧದ ಟ್ಯಾಂಕುಗಳೆಲ್ಲ ಬಂದವು. ಗ್ರಂಥಪಾಲಕಿ ತಿದ್ದಲು ಹೋಗದೆ, ಬಂದದ್ದರಲ್ಲಿ ಬೇಡದ್ದು ಯಾವುದು, ಅದು ಏಕೆ ಬಂತು ಎಂದು ಅವಳ ಬಾಯಲ್ಲೇ ಹೇಳಿಸಿದರು. 'ಟ್ಯಾಂಕ್ ಇರಿಗೇಷನ್' ಎಂಬ ಜೋಡಿಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಜೊತೆಗೆ ಕೋಲಾರವನ್ನು ಸೇರಿಸಿದಾಗ ಪಟ್ಟಿ ತೀರಾ ಕಿರಿದಾಯಿತು. ಆಗ ಕೋಲಾರವನ್ನು ತೆಗೆದು ಕರ್ನಾಟಕವೆಂದು ಹಾಕಿದವಳು ಅವಳೇ. ಅಕ್ಕಪಕ್ಕದವರು ತಮ್ಮ ಹುಡುಕಾಟ ಬಿಟ್ಟು ಅವಳ ಪರದೆ ನೋಡುತ್ತಿದ್ದರು. ಮನೆಯಿಂದ ಓದಲು ಲಾಗಿನ್ ಆಗುವುದು ಹೇಗೆಂಬ, ಬೆಳಿಗ್ಗೆ ಉತ್ತರ ಸಿಗದಿದ್ದ ಪ್ರಶ್ನೆಯನ್ನೂ ಆಕೆ ಪ್ರತಿಯೊಬ್ಬರ ಮೊಬೈಲಿನಲ್ಲೇ ಮಾಡಿಸಿ ಪರಿಹರಿಸಿದರು.

ಬೆಳಗಿನವರಿಗೆ ತಿಳಿವಳಿಕೆ ಕಡಿಮೆಯಿತ್ತೆಂದು ನಾನು ಹೇಳುತ್ತಿಲ್ಲ, ಬಹುಶಃ ಹೆಚ್ಚೇ ಇತ್ತು. ಗೊತ್ತಿರುವುದನ್ನೆಲ್ಲ ಒಂದೇ ದಿನದಲ್ಲಿ ಹೇಳಿ ಮುಗಿಸುವ ಅವಸರವೇ ಅವರಿಗೆ ತೊಡಕಾಯಿತು. ತಂತ್ರಾಂಶಗಳನ್ನು ಎರಡಕ್ಕೆ ಇಳಿಸಿ, ಸಹೋದ್ಯೋಗಿಗಳು ಪರಸ್ಪರರ ತರಗತಿಯಲ್ಲಿ ಕುಳಿತು ನೋಡುವ ಏರ್ಪಾಡು ಮಾಡಿಕೊಂಡರೆ ಈ ತರಬೇತಿಯ ಅರ್ಧ ದೋಷ ನೀಗುತ್ತದೆ. ಕೊನೆಗೆ ಕೊಟ್ಟ ಅಭಿಪ್ರಾಯ ಪತ್ರದಲ್ಲಿ ಊಟ, ಆಸನ, ಧ್ವನಿವರ್ಧಕಗಳ ಬಗ್ಗೆ ಪ್ರಶ್ನೆಗಳಿದ್ದವೇ ಹೊರತು ಏನು ಕಲಿತಿರಿ ಎಂಬ ಪ್ರಶ್ನೆ ಇರಲಿಲ್ಲ (ಊಟವೇನೋ ಚೆನ್ನಾಗಿತ್ತು).

ವಿಷಯ ನಿಗದಿಯಾದ ವಿದ್ಯಾರ್ಥಿಗಳನ್ನು ನಾನು ಖಂಡಿತ ಕಳುಹಿಸುತ್ತೇನೆ. ವಿಷಯ ಇನ್ನೂ ತೀರ್ಮಾನವಾಗದವರು ಮುಂದಿನ ತಂಡದವರೆಗೆ ಕಾಯುವುದು ಲೇಸು, ಏಕೆಂದರೆ ಸ್ವಂತ ಪ್ರಶ್ನೆಯಿಲ್ಲದೆ ಹೋದವರಿಗೆ ಮಧ್ಯಾಹ್ನದ ಅವಧಿಯಲ್ಲೂ ಹೆಚ್ಚೇನೂ ದಕ್ಕಲಿಲ್ಲ.