ಎಲ್ಡರ್‌ಲೈನ್ 14567: ಹಿರಿಯ ನಾಗರಿಕರ ಸಹಾಯವಾಣಿಯ ಒಂದು ವಿಮರ್ಶೆ

ವಯಸ್ಸಾದವರಿಗೆಂದು ರೂಪಿಸಿದ ಸೌಲಭ್ಯಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಯಾವುದನ್ನು ಎಲ್ಲಿ ಕೇಳಬೇಕೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಪಿಂಚಣಿಯ ಅರ್ಜಿಗೆ ನಾಡಕಚೇರಿ, ಜೀವನಾಂಶದ ಅರ್ಜಿಗೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿ, ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಂದು ಹಂಚಿಹೋಗಿರುವ ಈ ವ್ಯವಸ್ಥೆಯಲ್ಲಿ ಮೊದಲು ಯಾವ ಬಾಗಿಲು ತಟ್ಟಬೇಕೆಂದು ಹೇಳುವುದೇ ಎಲ್ಡರ್‌ಲೈನ್‌ನ ಮುಖ್ಯ ಕೆಲಸ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಈ ಶುಲ್ಕರಹಿತ ಸಹಾಯವಾಣಿ 2021ರಲ್ಲಿ ದೇಶದಾದ್ಯಂತ ಆರಂಭಗೊಂಡಿತು.

ಮಾಹಿತಿ, ಮಾರ್ಗದರ್ಶನ, ಭಾವನಾತ್ಮಕ ಬೆಂಬಲ ಹಾಗೂ ಸ್ಥಳಕ್ಕೇ ಬಂದು ನೀಡುವ ನೆರವು ಎಂಬ ನಾಲ್ಕು ಬಗೆಯ ಸೇವೆ ಇಲ್ಲಿದೆ. ಇವುಗಳಲ್ಲಿ ಕೊನೆಯದೇ ಈ ಸಹಾಯವಾಣಿಗೆ ನಿಜವಾದ ತೂಕವನ್ನು ತಂದಿದೆ ಎಂಬುದು ನನ್ನ ಅಭಿಪ್ರಾಯ. ಬೀದಿಯಲ್ಲಿ ಉಳಿದುಹೋದ ವೃದ್ಧರನ್ನು ಆಶ್ರಯಕ್ಕೆ ಸೇರಿಸಲು, ಮನೆಯೊಳಗೆ ಹಿಂಸೆ ಅನುಭವಿಸುತ್ತಿರುವವರನ್ನು ಕಂಡು ಮಾತನಾಡಲು ಫೋನಿನ ಆಚೆಗಿನ ಧ್ವನಿಯೊಂದೇ ಸಾಲದು, ಒಬ್ಬ ಮನುಷ್ಯ ಎದ್ದು ಬರಲೇಬೇಕು.

ಮಾರ್ಗದರ್ಶನದ ಬೆಲೆ ಅರಿವಾಗುವುದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ವಿಷಯ ಬಂದಾಗ. ತಮ್ಮ ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ ಮನೆಯನ್ನು ಮಕ್ಕಳಿಗೆ ಬರೆದುಕೊಟ್ಟವರು, ಆ ಆರೈಕೆ ನಿಂತುಹೋದರೆ ವರ್ಗಾವಣೆಯನ್ನು ರದ್ದುಗೊಳಿಸುವಂತೆ 23ನೇ ಕಲಮಿನ ಅಡಿಯಲ್ಲಿ ನ್ಯಾಯಮಂಡಳಿಯನ್ನು ಕೇಳಬಹುದೆಂಬುದು ಅನೇಕರಿಗೆ ಗೊತ್ತೇ ಇಲ್ಲ. ಹಿರಿಯರು ತಾವೇ ಓಡಾಡಲಾಗದ ಸ್ಥಿತಿಯಲ್ಲಿದ್ದರೆ, ಅವರು ಅಧಿಕಾರ ಕೊಟ್ಟ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಜೀವನಾಂಶಕ್ಕೆ ಅರ್ಜಿ ಸಲ್ಲಿಸಲು ಅದೇ ಕಾಯ್ದೆಯ 5ನೇ ಕಲಮು ಅವಕಾಶ ನೀಡುತ್ತದೆ. ಹೀಗೆ ದಾರಿಯಿದೆ ಎಂದು ತಾಳ್ಮೆಯಿಂದ ತಿಳಿಸಿ ಹೇಳುವವರು ಸಿಕ್ಕರೆ, ಇನ್ನೇನೂ ಉಳಿದಿಲ್ಲವೆಂದು ಕೈಚೆಲ್ಲಿ ಕುಳಿತವರಿಗೆ ಅದೇ ದೊಡ್ಡ ಆಸರೆ.

ಕೊರತೆಗಳೂ ಇವೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಕರೆ ಸ್ವೀಕರಿಸುವುದು ಇದರ ದೊಡ್ಡ ಮಿತಿ, ಏಕೆಂದರೆ ಒಂಟಿಯಾಗಿ ಬದುಕುವವರಿಗೆ ಭಯ ಹೆಚ್ಚುವುದು ರಾತ್ರಿಯಲ್ಲೇ. ಜೀವಕ್ಕೆ ಅಪಾಯವಿದ್ದರೆ ಯಾವ ಹೊತ್ತಿನಲ್ಲಾದರೂ 112ಕ್ಕೇ ಕರೆ ಮಾಡಬೇಕು. ಆದೇಶ ಹೊರಡಿಸುವ ಅಧಿಕಾರವೂ ಈ ಸಹಾಯವಾಣಿಗಿಲ್ಲ. ಅದು ನ್ಯಾಯಮಂಡಳಿಗೆ ಸೇರಿದ್ದು. ಕಿವಿ ಮಂದವಾದವರಿಗಂತೂ ಫೋನ್ ಮೂಲಕ ನಡೆಯುವ ಯಾವ ಸೇವೆಯೂ ಅರ್ಧಕ್ಕೇ ನಿಲ್ಲುತ್ತದೆ.

ಆದ್ದರಿಂದ ಅಂಥವರ ಪಕ್ಕದಲ್ಲಿ ಕುಳಿತು ಸ್ಪೀಕರ್ ಹಾಕಿ ಕರೆ ಮಾಡಿಸುವುದು ಒಳ್ಳೆಯದು. ಆದರೆ ಅವರ ಬದಲು ನಾವೇ ಮಾತನಾಡಿ ಮುಗಿಸಬಾರದು. ದೂರು ಮನೆಯವರ ಮೇಲೆಯೇ ಇರಬಹುದಾದ್ದರಿಂದ, ಹಿರಿಯರು ಒಬ್ಬರೇ ಕರೆ ಮಾಡಲು ಬರುವಂತೆ 14567 ಸಂಖ್ಯೆಯನ್ನು ದೊಡ್ಡ ಅಂಕಿಗಳಲ್ಲಿ ಬರೆದು ಅವರ ಕೈಗೇ ಕೊಡಬೇಕೆಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.