ಲೀ-ಎನ್‌ಫೀಲ್ಡ್ ಮ್ಯಾಗಜೀನ್: ಹಳೆಯದನ್ನು ರಿಪೇರಿ ಮಾಡುವುದೋ, ಹೊಸದು ತರುವುದೋ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲೀ-ಎನ್‌ಫೀಲ್ಡ್, ಅಂದರೆ ಹಳೆಯ ಬ್ರಿಟಿಷ್ ಸೈನ್ಯದ ರೈಫಲ್, ತೋಟಾ ನುಂಗಲು ತಕರಾರು ಮಾಡುತ್ತಿದ್ದರೆ ಸುಮ್ನೆ ಹೊಸ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಆರ್ಡರ್ ಮಾಡಬೇಡಿ. ರೈಫಲ್ ಜೊತೆ ಬಂದ ಹಳೆಯದನ್ನೇ ಬಿಚ್ಚಿ, ಮೇಜಿನ ಮೇಲಿಟ್ಟು, ಒಳ್ಳೆ ಬೆಳಕಿನಲ್ಲಿ ಅದರ ಬಾಯಿ ನೋಡಿ. ನಾನು ಹಾಗೆ ಮಾಡಲಿಲ್ಲ. ಹೊಸದಕ್ಕೆ ದುಡ್ಡು ಸುರಿದೆ, ಆಮೇಲೆ ಸೆಕೆಂಡ್‌ಹ್ಯಾಂಡ್ ಒಂದಕ್ಕೂ ಸುರಿದೆ. ಕೊನೆಗೆ ಹಳೆ ಗಂಡನ ಪಾದವೇ ಗತಿ ಅಂತ ವಾಪಸ್ ಬಂದೆ.

ನನ್ನದು ನಂ. 4 ಮಾರ್ಕ್ 1* ಮಾದರಿ. ಕೆನಡಾದ ಲಾಂಗ್ ಬ್ರಾಂಚ್ ಕಾರ್ಖಾನೆಯಲ್ಲಿ 1943ರಲ್ಲಿ ತಯಾರಾದದ್ದು. ಗುರಿ ಅಭ್ಯಾಸಕ್ಕೆ ಮಾತ್ರ ಬಳಸುತ್ತೇನೆ, ತಿಂಗಳಿಗೆ ಎರಡು ಸಲ ರೇಂಜ್‌ಗೆ ಹೋದರೆ ಅದೇ ಜಾಸ್ತಿ. ಬ್ಯಾರೆಲ್ ಚೆನ್ನಾಗಿದೆ, ತೋಟಾವನ್ನು ಒಳಕ್ಕೆ ತಳ್ಳುವ ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ. ತೊಂದರೆ ಒಂದೇ. ಬೋಲ್ಟ್ ಮುಂದಕ್ಕೆ ತಳ್ಳಿದರೆ ಕೆಲವು ತೋಟಾ ನೇರವಾಗಿ ಚೇಂಬರ್‌ಗೆ, ಅಂದರೆ ಬ್ಯಾರೆಲ್‌ನ ಹಿಂತುದಿಯ ಗೂಡಿಗೆ, ಹೋಗುತ್ತಿದ್ದವು, ಕೆಲವು ಮೂತಿ ಎತ್ತಿಕೊಂಡು ಬ್ಯಾರೆಲ್‌ನ ಅಂಚಿಗೆ ಗುದ್ದಿ ನಿಲ್ಲುತ್ತಿದ್ದವು. ಹತ್ತು ಹಾಕಿದರೆ ನಾಲ್ಕೈದು ಸಲ ಹೀಗೆ. ಪಕ್ಕದ ಲೇನಿನವರು ಐದೈದು ಗುಂಡು ಹೊಡೆದು ಟಾರ್ಗೆಟ್ ನೋಡಲು ಹೊರಟಿರುತ್ತಾರೆ, ನಾನು ಇನ್ನೂ ಬೆರಳಿನಿಂದ ತೋಟಾ ಕೀಳುತ್ತಾ ಕೂತಿರುತ್ತೇನೆ.

ಇಂಥ ತೊಂದರೆ ಬಂದಾಗ ಎಲ್ಲರೂ ಮೊದಲು ಹೇಳುವ ಮಾತು "ರಿಮ್ ಲಾಕ್" ಅಂತ. ಈ ರೈಫಲ್‌ನ .303 ತೋಟಾದ ಬುಡದಲ್ಲಿ ಹೊರಗೆ ಚಾಚಿದ ಅಂಚು ಇರುತ್ತದಲ್ಲ, ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತುಬಿಟ್ಟರೆ ಒಂದನ್ನೊಂದು ಎಳೆದುಕೊಂಡು ಎರಡೂ ಸಿಕ್ಕಿಬೀಳುತ್ತವೆ. ನಿಜವಾದ ತೊಂದರೆಯೇ. ಆದರೆ ರಿಮ್ ಲಾಕ್ ಆದಾಗ ಬೋಲ್ಟ್ ಶುರುವಿನಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ನನ್ನದು ಮುಕ್ಕಾಲು ದಾರಿ ಸಲೀಸಾಗಿ ಹೋಗಿ ಆಮೇಲೆ ನಿಲ್ಲುತ್ತಿತ್ತು. ಈ ವ್ಯತ್ಯಾಸ ಗಮನಿಸದೆ ಎರಡು ತಿಂಗಳು ತೋಟಾಗಳನ್ನು ಜೋಡಿಸುವ ಕ್ರಮವನ್ನೇ ಬದಲಾಯಿಸುತ್ತಾ ಕೂತೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ತೋಟಾ ಕಂಪನಿಯನ್ನೂ ಬೈದೆ.

ಆಮೇಲೆ ಹೊಸ ಮ್ಯಾಗಜೀನ್ ತರಿಸಿದೆ. ಈಗಿನ ಕಾಲದಲ್ಲಿ ಮಾಡಿದ ನಕಲು ಮಾದರಿ. ಯಾರು ಮಾಡಿದ್ದು ಅಂತ ಹೇಳುವುದಿಲ್ಲ, ಬೇರೆಯವರ ರೈಫಲ್‌ನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿರಬಹುದು. ನೋಡಲು ಫಳಫಳ. ಕಪ್ಪು ಬಣ್ಣ ಒಂದು ಚೂರೂ ಹೋಗಿಲ್ಲ, ಸ್ಪ್ರಿಂಗ್ ಬಿಗಿಯಾಗಿದೆ. ಕ್ಲಿಕ್ ಅಂತ ಕೂತಿತು. ಖುಷಿಯಿಂದ ಡಮ್ಮಿ (ಸಿಡಿಯದ) ತೋಟಾ ತುಂಬಿ ಬೋಲ್ಟ್ ತಳ್ಳಿದರೆ ಅದು ತೋಟಾವನ್ನು ಮುಟ್ಟಲೇ ಇಲ್ಲ! ತೋಟಾದ ಅಂಚಿನ ಮೇಲಿಂದ ಜಾರಿ ಖಾಲಿ ಚೇಂಬರ್ ಮುಚ್ಚಿಕೊಂಡಿತು.

ಎಡಗೈಯಿಂದ ಮ್ಯಾಗಜೀನ್ ಅನ್ನು ಮೇಲಕ್ಕೆ ಒತ್ತಿ ಹಿಡಿದು ಮತ್ತೆ ತಳ್ಳಿದೆ. ಈಗ ಸರಾಗವಾಗಿ ಹೋಯಿತು. ಕೈ ಬಿಟ್ಟರೆ ಮತ್ತೆ ಅದೇ ಕಥೆ. ಅಂದರೆ ಮ್ಯಾಗಜೀನ್ ಒಂದು ಕೂದಲಿನಷ್ಟು ಕೆಳಗೆ ಕೂರುತ್ತಿದೆ. ಮ್ಯಾಗಜೀನಿನ ಬೆನ್ನಿನ ಏಣು ರೈಫಲ್‌ನ ಕ್ಯಾಚ್ (ಅದನ್ನು ಹಿಡಿದಿಡುವ ಕೊಕ್ಕೆ) ಮೇಲೆ ಎಲ್ಲಿ ಕೂರುತ್ತದೋ ಅಲ್ಲಿಂದಲೇ ಅದರ ಎತ್ತರ ತೀರ್ಮಾನವಾಗುತ್ತದೆ. ಮೇಲೆ ಕೂತಿದ್ದರೆ ಅರದಿಂದ ಸ್ವಲ್ಪ ಉಜ್ಜಿ ಇಳಿಸಬಹುದು. ಕೆಳಗೆ ಕೂತಿದ್ದರೆ ಲೋಹ ಸೇರಿಸಬೇಕು. ಅದು ವೆಲ್ಡಿಂಗ್ ಬಲ್ಲವರ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಮಾರಿದವರನ್ನು ಕೇಳಿದರೆ "ಫಿಟ್ಟಿಂಗ್ ಮಾಡಿಸಿಕೊಳ್ಳಬೇಕು ಸಾರ್" ಅಂದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಸೈನ್ಯದಲ್ಲೂ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಕೂತು ಮ್ಯಾಗಜೀನನ್ನು ರೈಫಲ್‌ಗೆ ಹೊಂದಿಸುತ್ತಿದ್ದ. ಸೈನಿಕ ಮ್ಯಾಗಜೀನ್ ಬದಲಾಯಿಸುತ್ತಾ ಹೊಡೆಯುತ್ತಿರಲಿಲ್ಲ, ಅದನ್ನು ಜಾಗದಲ್ಲೇ ಬಿಟ್ಟು ಮೇಲಿಂದ ಐದೈದು ತೋಟಾದ ಚಾರ್ಜರ್ (ತೋಟಾ ಜೋಡಿಸಿದ ಲೋಹದ ಕ್ಲಿಪ್) ಇಟ್ಟು ಒತ್ತುತ್ತಿದ್ದ. ಮ್ಯಾಗಜೀನ್ ಕಳಚುತ್ತಿದ್ದದ್ದು ಹೆಚ್ಚಾಗಿ ಶುಚಿ ಮಾಡಲು. ಆದ್ದರಿಂದ ಯಾವುದೋ ಮ್ಯಾಗಜೀನ್ ಯಾವುದೋ ರೈಫಲ್‌ಗೆ ತಂದ ಕೂಡಲೇ ಕೂರಬೇಕು ಅನ್ನುವುದೇ ಈಗಿನ ಕಾಲದ ಆಸೆ. ಆದರೆ ಆ ಬೆಲೆ ಕೊಟ್ಟ ಮೇಲೆ ಆಸೆ ಬರುತ್ತದೆ, ಅಲ್ವಾ?

ಎರಡನೆಯದು ಯುದ್ಧಕಾಲದ ಸೆಕೆಂಡ್‌ಹ್ಯಾಂಡ್. ಅಮೆರಿಕದ ಸ್ಯಾವೇಜ್ ಕಾರ್ಖಾನೆಯದು, ಚೌಕದೊಳಗೆ ಎಸ್ ಗುರುತು ಇದೆ. ಬಣ್ಣ ಅರ್ಧ ಹೋಗಿತ್ತು, ತಳದಲ್ಲಿ ಒಂದು ಸಣ್ಣ ನೆಗ್ಗು. ಹೊಸದರ ಮುಕ್ಕಾಲು ಬೆಲೆ. ಹಾಕಿದ ಕೂಡಲೇ ಕೂತಿತು, ಹತ್ತರಲ್ಲಿ ಒಂಬತ್ತು ತೋಟಾ ತೊಂದರೆಯಿಲ್ಲದೆ ಹೋದವು. ಕೊನೆಯದು ಮಾತ್ರ ಸೋಮಾರಿಯಂತೆ ಮೂತಿ ಕೆಳಗೆ ಹಾಕುತ್ತಿತ್ತು, ಸ್ಪ್ರಿಂಗ್ ಬದಲಾಯಿಸಿದ ಮೇಲೆ ಅದೂ ಸರಿಹೋಯಿತು. ಇದರ ಬಗ್ಗೆ ಹೇಳಲು ಜಾಸ್ತಿ ಏನೂ ಇಲ್ಲ. ಕೊಳ್ಳುವಾಗ ಒಂದು ಎಚ್ಚರ ಮಾತ್ರ ಇರಲಿ. ಅದು ನಂ. 4ರದ್ದೇ ಆಗಿರಬೇಕು. ಹಳೆಯ ನಂ. 1 ಮಾರ್ಕ್ 3ರ ಮ್ಯಾಗಜೀನ್ ನೋಡಲು ಅಣ್ಣತಮ್ಮನ ಹಾಗಿರುತ್ತದೆ, ನಂ. 4ರಲ್ಲಿ ನೆಟ್ಟಗೆ ಕೂರುವುದಿಲ್ಲ. ಇಶಾಪುರ್ 2ಎ ರೈಫಲ್‌ನದ್ದಂತೂ ಬೇಡವೇ ಬೇಡ, ಅದು 7.62 ತೋಟಾಕ್ಕೆ ಮಾಡಿದ್ದು.

ಈ ಸ್ಯಾವೇಜ್ ಮ್ಯಾಗಜೀನ್ ಮನೆಗೆ ಬಂದ ಮೇಲೆಯೇ ನನ್ನ ಹಳೆಯದರ ರೋಗ ಗೊತ್ತಾದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಬಾಯಿ ಕಡೆಯಿಂದ ನೋಡುತ್ತಾ ಕೂತಿದ್ದೆ. ಏನೂ ಹೊಳೆಯಲಿಲ್ಲ. ಸರಿ, ಲೆಕ್ಕ ಹಾಕೋಣ ಅಂತ ಡಮ್ಮಿ ತೋಟಾಗಳಿಗೆ ಮಾರ್ಕರ್ ಪೆನ್ನಿನಲ್ಲಿ 1ರಿಂದ 10ರವರೆಗೆ ನಂಬರ್ ಬರೆದೆ. ಮೇಲಿನದು 1, ತಳದ್ದು 10. ಒಂದೊಂದೇ ತಳ್ಳಿ, ಸಿಕ್ಕಿಕೊಂಡದ್ದನ್ನು ಚೀಟಿಯಲ್ಲಿ ಬರೆದೆ. ಮೊದಲ ಸುತ್ತು: 2, 4, 8. ಎರಡನೇ ಸುತ್ತು: 2, 4, 6, 10. ಮೂರನೇ ಸುತ್ತು: 4, 6, 8.

ಎಲ್ಲವೂ ಸರಿಸಂಖ್ಯೆ! ಆಗ ತಲೆಗೆ ಹತ್ತಿತು. ಈ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಮೇಲೊಂದು ನೇರವಾಗಿ ಕೂರುವುದಿಲ್ಲ. ಒಂದು ಬಲಕ್ಕೆ, ಒಂದು ಎಡಕ್ಕೆ, ಜಡೆ ಹೆಣೆದ ಹಾಗೆ. ಮ್ಯಾಗಜೀನಿನ ಬಾಯಿಯ ಎರಡೂ ಕಡೆ ಒಳಕ್ಕೆ ಬಗ್ಗಿದ ತಗಡಿನ ಅಂಚುಗಳೇ ತುಟಿಗಳು. ಒಂದು ಬಲ ತುಟಿಯ ಕೆಳಗಿಂದ ಹೊರಬಂದರೆ ಮುಂದಿನದು ಎಡ ತುಟಿಯ ಕೆಳಗಿಂದ. ಅಂದರೆ ಸಿಕ್ಕಿಕೊಳ್ಳುವುದೆಲ್ಲ ಒಂದೇ ಕಡೆಯವು. ಖಾತ್ರಿ ಮಾಡಿಕೊಳ್ಳಲು ಹತ್ತರ ಬದಲು ಒಂಬತ್ತೇ ತುಂಬಿದೆ. ಈಗ ಮೇಲೆ ಕೂತದ್ದು ಇನ್ನೊಂದು ಕಡೆಯದು. ಸಿಕ್ಕಿಕೊಂಡದ್ದು 1, 3, 7. ಎಡಗಡೆ ಕೂತವು ಮಾತ್ರ ಜಗಳ ಮಾಡುತ್ತಿದ್ದವು.

ಕ್ಯಾಲಿಪರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಎರಡೂ ಮ್ಯಾಗಜೀನಿನ ಬಾಯಿ ಅಳೆದೆ. ನನ್ನದರ ಎಡ ತುಟಿ ಸ್ಯಾವೇಜ್‌ನದ್ದಕ್ಕಿಂತ 0.4 ಮಿಲಿಮೀಟರ್ ಹೊರಗೆ ಸರಿದಿತ್ತು. ಅಷ್ಟೇ. ಬರಿಗಣ್ಣಿಗೆ ಕಾಣುವುದೇ ಇಲ್ಲ. ತುಟಿ ಅಗಲವಾದರೆ ತೋಟಾವನ್ನು ಹಿಡಿದಿಡಬೇಕಾದಷ್ಟು ಹೊತ್ತು ಹಿಡಿಯುವುದಿಲ್ಲ. ಬುಡ ಬೇಗ ಕಳಚಿಕೊಳ್ಳುತ್ತದೆ, ಮೂತಿ ಎಗರುತ್ತದೆ, ಚೇಂಬರ್ ಬಾಯಿಯ ಮೇಲಂಚಿಗೆ ಗುದ್ದುತ್ತದೆ. ತುಟಿ ಜಾಸ್ತಿ ಬಿಗಿಯಾಗಿದ್ದರೆ ಇದರ ಉಲ್ಟಾ, ತೋಟಾ ಹೊರಗೆ ಬರಲು ಒದ್ದಾಡುತ್ತದೆ. ಬಹುಶಃ ಯಾವಾಗಲೋ ಯಾರೋ ಮ್ಯಾಗಜೀನನ್ನು ಸಿಮೆಂಟ್ ನೆಲದ ಮೇಲೆ ಬೀಳಿಸಿರಬೇಕು. ನಾನೇ ಇರಬಹುದು, ನೆನಪಿಲ್ಲ.

ಸರಿಮಾಡಿದ್ದು ಹೀಗೆ. ಮೊದಲು ತೋಟಾಗಳನ್ನು ಮೇಲಕ್ಕೆ ಒತ್ತುವ ಒಳಗಿನ ತಟ್ಟೆ ತೆಗೆಯಬೇಕು. ತಟ್ಟೆಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದರೆ ಮುಂಭಾಗ ತುಟಿಯಿಂದ ಕಳಚಿ ಮೇಲೆ ಬರುತ್ತದೆ, ಜೊತೆಗೆ ಮಡಚಿದ ಪಟ್ಟಿಯಂಥ ಸ್ಪ್ರಿಂಗ್ ಕೂಡ. ಡಬ್ಬಿಯೊಳಗೆ ಅಳತೆಗೆ ಕತ್ತರಿಸಿದ ಮರದ ತುಂಡು ತುರುಕಿದೆ, ಗೋಡೆ ನೆಗ್ಗಬಾರದು ಅಂತ. ಹಲ್ಲಿಲ್ಲದ ಇಕ್ಕಳದ ಬಾಯಿಗೆ ಹಳೆ ಬೆಲ್ಟಿನ ಚರ್ಮ ಸುತ್ತಿದೆ. ಎಡ ತುಟಿಯನ್ನು ಹಿಡಿದು ಒಳಕ್ಕೆ ಒಂದು ಚೂರು ಒತ್ತಿದೆ, ಅಳೆದೆ. ಏನೂ ಕದಲಿಲ್ಲ. ಇನ್ನೊಂದು ಚೂರು. 0.1 ಬಂತು. ಜೋಡಿಸಿ, ಡಮ್ಮಿ ತುಂಬಿ, ತಳ್ಳಿ ನೋಡು. ಮತ್ತೆ ಬಿಚ್ಚು. ಮತ್ತೆ ಒಂದು ಚೂರು. ಹೀಗೆ ನಾಲ್ಕು ಸಲ. ಇದರಲ್ಲಿ ಅವಸರ ಮಾಡಿದರೆ ಕೆಟ್ಟಿತು. ಆ ಉಕ್ಕು ಗಟ್ಟಿ, ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಿರುಕು ಬಿಡುತ್ತದೆ. ಒಂದೇ ದಿಕ್ಕಿಗೆ, ಸ್ವಲ್ಪ ಸ್ವಲ್ಪವೇ.

0.3 ಒಳಗೆ ಬಂದಾಗ ಹತ್ತಕ್ಕೆ ಹತ್ತೂ ಹೋದವು. ನಿಧಾನವಾಗಿ ತಳ್ಳಿದರೂ, ಜೋರಾಗಿ ತಳ್ಳಿದರೂ. ಸ್ಯಾವೇಜ್‌ನ ಅಳತೆಗೆ ಇನ್ನೂ 0.1 ಬಾಕಿ ಇತ್ತು, ಮುಟ್ಟಲಿಲ್ಲ. ಕೆಲಸ ಮಾಡುತ್ತಿರುವುದನ್ನು ಯಾಕೆ ಕೆದಕಬೇಕು?

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಈ ಪರೀಕ್ಷೆಗಳನ್ನು ಜೀವಂತ ತೋಟಾದಲ್ಲಿ ಮಾಡಲೇಬಾರದು. ಸಿಡಿಮದ್ದೂ ಪ್ರೈಮರೂ (ಬುಡದಲ್ಲಿ ಮದ್ದಿಗೆ ಬೆಂಕಿ ಹತ್ತಿಸುವ ಭಾಗ) ಇಲ್ಲದ ಡಮ್ಮಿಗಳೇ ಬೇಕು. ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ಪೂರ್ತಿ ಮುಚ್ಚದೆ ಹಿಂದಕ್ಕೆಳೆದರೆ ಚೇಂಬರ್‌ನಲ್ಲಿ ಒಂದು ತೋಟಾ ಉಳಿದುಬಿಡಬಹುದು. ಮತ್ತೆ ತಳ್ಳಿದಾಗ ಎರಡನೆಯದರ ಚೂಪು ಮೂತಿ ನೇರ ಮೊದಲನೆಯದರ ಪ್ರೈಮರ್‌ಗೆ ತಾಗುತ್ತದೆ. ಮುಂದೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಒಂದೇ ತೋಟಾ ಹತ್ತು ಸಲ ಅಂಚಿಗೆ ಗುದ್ದಿದರೆ ಗುಂಡು ಒಳಕ್ಕೆ ಸರಿಯುತ್ತದೆ, ಅಂಥದ್ದನ್ನು ಆಮೇಲೆ ಹಾರಿಸುವುದೂ ಅಪಾಯ. ಡಮ್ಮಿ ಕೊಳ್ಳುವಾಗ ಉದ್ದ ನೋಡಿ. ಈ ಮ್ಯಾಗಜೀನ್ ರೂಪುಗೊಂಡದ್ದು 174 ಗ್ರೇನ್‌ನ ಚೂಪು ಮೂತಿಯ ಮಾರ್ಕ್ 7 ಗುಂಡಿಗೆ. ಗಿಡ್ಡ ಮೂತಿಯ ಡಮ್ಮಿಯಲ್ಲಿ ಪಾಸಾದದ್ದು ಅಸಲಿಯಲ್ಲಿ ಫೇಲಾಗಬಹುದು.

ಚೇಂಬರ್ ಬಾಯಿಯನ್ನು ಅರದಿಂದ ಉಜ್ಜಿ ನುಣುಪು ಮಾಡು ಅಂತ ಸಲಹೆ ಕೊಟ್ಟವರೂ ಇದ್ದರು. ದಯವಿಟ್ಟು ಬೇಡ. ಮ್ಯಾಗಜೀನ್ ಹಾಳಾದರೆ ಇನ್ನೊಂದು ಸಿಗುತ್ತದೆ.

ಸ್ಪ್ರಿಂಗ್ ಎಳೆದು ಉದ್ದ ಮಾಡುವುದು: ಒಂದು ವಾರದ ಸುಖ.

ಮೌಸರ್ 98 ಇಟ್ಟುಕೊಂಡ ಗೆಳೆಯನಿಗೆ ಈ ಕಥೆಯೆಲ್ಲ ಹೇಳಿದೆ, ನಕ್ಕ. ಅವನದರಲ್ಲಿ ತೋಟಾಕ್ಕೆ ಹೊರಚಾಚಿದ ಅಂಚಿಲ್ಲ, ತುಟಿಗಳೂ ತೆಳು ತಗಡಿನವಲ್ಲ, ಬೋಲ್ಟ್ ಓಡಾಡುವ ರಿಸೀವರ್‌ನ ದಪ್ಪ ಉಕ್ಕಿನಲ್ಲೇ ಕೊರೆದಿರುತ್ತವೆ. ಬಗ್ಗುವ ಮಾತೇ ಇಲ್ಲ. ನಗಲಿ ಬಿಡಿ. ಬೋಲ್ಟ್ ಎಳೆಯುವ ಪಂದ್ಯ ಇಟ್ಟರೆ ನಾನು ನಗುತ್ತೇನೆ.

ನಾಲ್ಕನೇ ದಾರಿಯೂ ಒಂದಿದೆ. ಮ್ಯಾಗಜೀನ್ ಗೊಡವೆಯೇ ಬೇಡ ಅಂತ ಒಂದೊಂದೇ ತೋಟಾ ಕೈಯಿಂದ ಇಟ್ಟು ಹೊಡೆಯುವುದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಳೆಯ ಎನ್‌ಫೀಲ್ಡ್‌ಗಳಲ್ಲಿ ಮ್ಯಾಗಜೀನ್ ಬಾಯಿ ಮುಚ್ಚುವ ತಗಡು, ಕಟ್-ಆಫ್, ಇಟ್ಟಿದ್ದದ್ದೇ ಒಂದೊಂದೇ ಹಾಕಿ ಹೊಡೆಯಲಿ ಅಂತ. ನಿಧಾನವಾಗಿ ಗುರಿ ಇಡುವವರಿಗೆ ಇದು ಬಿಟ್ಟಿ ಪರಿಹಾರ. ರಿಪೇರಿ ನಡೆದ ಎರಡು ತಿಂಗಳು ನಾನೂ ಹೀಗೇ ಹೊಡೆದೆ, ಟಾರ್ಗೆಟ್ ಮೇಲೆ ನನ್ನ ಗುಂಡುಗಳ ಗುಂಪು ಚಿಕ್ಕದಾಯಿತು ಬೇರೆ! ಆದರೆ ಬೋಲ್ಟ್ ಎಳೆದು ತಳ್ಳಿ, ಎಳೆದು ತಳ್ಳಿ ಹೊಡೆಯುವ ಮಜಾ ಇಲ್ಲ. ಆ ಮಜಾಕ್ಕೇ ಅಲ್ವಾ ಈ ರೈಫಲ್ ಇಟ್ಟುಕೊಂಡಿದ್ದು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಕೈಯಲ್ಲಿ ಕ್ಯಾಲಿಪರ್ ಇದ್ದು, ಒಂದು ಭಾನುವಾರ ಕೂರುವ ತಾಳ್ಮೆ ಇದ್ದರೆ ಹಳೆಯದನ್ನೇ ಬಗ್ಗಿಸಿ. ಖರ್ಚು ಡಮ್ಮಿ ತೋಟಾಗಳದ್ದು ಮಾತ್ರ. ಇಕ್ಕಳ ಹಿಡಿದರೆ ಕೈ ನಡುಗುತ್ತದೆ ಅನ್ನುವವರು ಯುದ್ಧಕಾಲದ ಅಸಲಿಯನ್ನು ಹುಡುಕಿ, ಸಾಧ್ಯವಾದರೆ ಕೊಳ್ಳುವ ಮೊದಲು ನಿಮ್ಮ ರೈಫಲ್‌ಗೆ ಹಾಕಿ ನೋಡಿ. ಹೊಸ ನಕಲನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬರೆದುಕೊಟ್ಟರೆ ಮಾತ್ರ ತನ್ನಿ. ನನಗೆ ಬರೆದುಕೊಟ್ಟಿರಲಿಲ್ಲ.

ಈಗ ಹಳೆಯದು ರೈಫಲ್‌ನಲ್ಲಿದೆ, ಸ್ಯಾವೇಜ್ ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿದೆ. ಹೊಸದರಲ್ಲಿ ನಂಬರ್ ಬರೆದ ಡಮ್ಮಿಗಳನ್ನು ತುಂಬಿಟ್ಟಿದ್ದೇನೆ. ಕೈಯಿಂದ ತೆಗೆಯುವಾಗಲೂ ನಂಬರ್ 6 ಒಂದೊಂದು ಸಲ ಸಿಕ್ಕಿಕೊಳ್ಳುತ್ತದೆ.