ಕೆಟ್ಟ ಡೋರ್‌ಲಾಕ್ ಬಾಗಿಲಿಗೆ ಬೀಗ: ತುಮಕೂರಿನ ಅಂಗಡಿಗಳಲ್ಲಿ ಸಿಗುವ ಆಲ್ಡ್ರಾಪ್ ಹೇಗಿದೆ?

ಬಟವಾಡಿ, ಕ್ಯಾತ್ಸಂದ್ರ, ಎಸ್‌ಐಟಿ ಕಾಲೇಜು ಕಡೆಯ ಬಾಡಿಗೆ ರೂಮುಗಳಲ್ಲಿ ಹ್ಯಾಂಡಲ್ ಡೋರ್‌ಲಾಕ್ ಇದ್ದೂ ಇಲ್ಲದಂತೆ ಇರುವುದು ಹೊಸದೇನಲ್ಲ. ಒಂದು ಕೀ ಹಳೇ ಬಾಡಿಗೆಯವರ ಜೊತೆ ಹೋಗಿರುತ್ತದೆ, ಇನ್ನೊಂದು ತೂತಿನೊಳಗೇ ಮುರಿದಿರುತ್ತದೆ. ಇರುವ ಬಾಗಿಲಿಗೇ ಬೀಗ ಜಡಿಯುವ ಹಾಗೆ ಮಾಡಿಕೊಡಿ ಎಂದರೆ ಹಾರ್ಡ್‌ವೇರ್ ಅಂಗಡಿಯವರು ಮೂರು ಸಾಮಾನು ಮುಂದಿಡುತ್ತಾರೆ: ಚಪ್ಪಟೆ ಹ್ಯಾಸ್ಪ್ (ಕೊಂಡಿಗೆ ಸಿಕ್ಕಿಸುವ ಮಡಚು ಪಟ್ಟಿ), ಎಲ್ ಆಕಾರದ ಹ್ಯಾಸ್ಪ್, ಆಲ್ಡ್ರಾಪ್ (ಬೀಗ ಹಾಕುವ ಜಾರು ಚಿಲಕ). ಮನೆ ಬಾಗಿಲಿಗೆ ಕೊಳ್ಳಬೇಕಾದ್ದು ಮೂರನೆಯದು. ಅದರಲ್ಲೂ 12 ಎಂಎಂ ಸರಳಿನ, 10 ಇಂಚು ಉದ್ದದ ಕಬ್ಬಿಣದ್ದು.

ಚಪ್ಪಟೆ ಹ್ಯಾಸ್ಪ್ ಯಾಕೆ ಬೇಡ? ನಮ್ಮ ಬಾಗಿಲುಗಳು ಒಳಕ್ಕೆ ತೆರೆಯುತ್ತವೆ. 4 ಇಂಚಿನ ಬಾಗಿಲವಾಡದಲ್ಲಿ ಕದ ಒಳ ಅಂಚಿಗೆ ಕೂತಿರುತ್ತದೆ, ಹೊರಗಿನಿಂದ ನೋಡಿದರೆ ಕದ ಎರಡೂವರೆ ಇಂಚು ಒಳಗಿರುತ್ತದೆ. ಹ್ಯಾಸ್ಪ್ ಕದದ ಮೇಲೆ, ಕೊಂಡಿ ಬಾಗಿಲವಾಡದ ಮೇಲೆ ಎಂದರೆ ಎರಡೂ ಒಂದೇ ಮಟ್ಟಕ್ಕೆ ಬರುವುದೇ ಇಲ್ಲ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಇದು ಹೊಳೆಯುವುದಿಲ್ಲ. ಎಲ್ ಹ್ಯಾಸ್ಪ್ ಈ ಮಡಿಕೆಗೆ ಹೊಂದುತ್ತದೆ ನಿಜ, ಆದರೆ ತಗಡು ತೆಳು, ಮೂಲೆಯಲ್ಲಿ ಸಣ್ಣ ರಾಡು ಹಾಕಿ ಮೀಟಿದರೆ ಬಿಚ್ಚಿಕೊಳ್ಳುತ್ತದೆ. ಸ್ಟೋರ್ ರೂಮು, ಸೌದೆ ಕೊಟ್ಟಿಗೆಗೆ ಸಾಕು.

ಆಲ್ಡ್ರಾಪಿನಲ್ಲಿ ಎಲ್ಲವೂ ಕದದ ಮೇಲೇ ಇರುತ್ತದೆ. ಎರಡು ಕ್ಲಾಂಪುಗಳ ನಡುವೆ ಸರಳು ಜಾರಿ ಬಾಗಿಲವಾಡದ ತೂತಿಗೆ ಹೋಗುತ್ತದೆ. ಸರಳಿಗೆ ಅಂಟಿದ ನಾಲಿಗೆ ಕೆಳಕ್ಕೆ ಮಗುಚಿ ಕೊಂಡಿಯ ಮೇಲೆ ಕೂರುತ್ತದೆ, ಬೀಗ ಕೊಂಡಿಗೆ. ನಾಲಿಗೆ ಎತ್ತಲಾಗದೆ ಸರಳು ಸರಿಯದು. ಕೊಳ್ಳುವಾಗ ಕೊಂಡಿಯನ್ನು ತಿರುಗಿಸಿ ನೋಡಿ. ಕೊಂಡಿಯ ಕಾಲುಗಳಿಗೆ ಮರೆ (ಥ್ರೆಡ್) ಇದ್ದು, ಕದದ ಆಚೆ ನಟ್ ಬಿಗಿಯುವಂಥದ್ದೇ ಬೇಕು. ತಟ್ಟೆಗೆ ಚುಕ್ಕಿ ವೆಲ್ಡ್ ಮಾಡಿದ್ದನ್ನು ಅಲ್ಲೇ ಬಿಟ್ಟು ಬನ್ನಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕೇಳುವವರಿಗೆ: ಬೀಗ ಹಾಕುವ ಕಬ್ಬಿಣದ ಜಾರು ಚಿಲಕಕ್ಕೆ ಐಎಸ್ 281, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಆಲ್ಡ್ರಾಪಿಗೆ ಐಎಸ್ 2681. ಅಲ್ಯೂಮಿನಿಯಂ ನೋಡಲು ಚೆಂದ, ಮುಂಬಾಗಿಲಿಗೆ ಬೇಡ.

ಹೋಗುವಾಗ ಬೀಗವನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಕೊಂಡಿಗೆ ಹಾಕಿ ನೋಡಿ. 50ರಿಂದ 60 ಎಂಎಂ ಬೀಗ ಸರಿ. ಬೀಗದ ಸರಳು ಸಣ್ಣದಾಗಿ ಕೊಂಡಿಯಲ್ಲಿ ತುಂಬಾ ಜಾಗ ಉಳಿದರೆ ಅಲ್ಲಿಗೇ ರಾಡು ತೂರಿಸುತ್ತಾರೆ. ಏಳು ಎಂಟು ಲಿವರಿನ ಗೋದ್ರೆಜ್ ನವ್‌ತಾಲ್ ಬೀಗ ತಂದು ಮುಕ್ಕಾಲು ಇಂಚಿನ ಸ್ಕ್ರೂನಲ್ಲಿ ನಿಂತ ಕೊಂಡಿಗೆ ತಗುಲಿಸುವವರಿದ್ದಾರೆ. ಮುರಿಯುವವನು ಬೀಗ ಮುಟ್ಟುವುದೇ ಇಲ್ಲ, ಕೊಂಡಿ ಕೀಳುತ್ತಾನೆ.

ಪ್ಯಾಕೆಟ್ಟಿನ ದೊಡ್ಡ ದೋಷವೂ ಅದೇ, ಜೊತೆಗೆ ಕೊಡುವ ಸ್ಕ್ರೂ. ಮೆತ್ತಗಿನ ಕಬ್ಬಿಣ, ತೇಗ ಹೊನ್ನೆಯಂಥ ಗಟ್ಟಿ ಮರದಲ್ಲಿ ಅರ್ಧಕ್ಕೇ ತಲೆ ಸವೆಯುತ್ತದೆ. ಅವನ್ನು ಬದಿಗಿಟ್ಟು 6 ಎಂಎಂ ಕ್ಯಾರೇಜ್ ಬೋಲ್ಟ್ ತನ್ನಿ, 35 ಎಂಎಂ ಕದಕ್ಕೆ 50 ಎಂಎಂ ಉದ್ದ. ಗುಂಡು ತಲೆ ಹೊರಗೆ, ವಾಷರು ನಟ್ಟು ಒಳಗೆ. ತಟ್ಟೆಯ ತೂತು 8 ನಂಬರ್ ಸ್ಕ್ರೂಗೆಂದು ಮಾಡಿದ್ದು, ಬೋಲ್ಟಿಗಾಗಿ ಆರೂವರೆ ಎಂಎಂಗೆ ಹಿಗ್ಗಿಸಬೇಕು. ಬೋಲ್ಟಿನ ತಲೆಯ ಕೆಳಗಿನ ಚೌಕ ಕುತ್ತಿಗೆ ತಿರುಗದಂತೆ ಕೂರಲು ಕಾನಸು ಹಿಡಿದು ತೂತಿನ ಮೂಲೆ ತೀಡಿ.

ಜಾಗ ಹಿಡಿಯುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಡೋರ್‌ಲಾಕ್ ಪೆಟ್ಟಿಗೆ ಕೂರಿಸಲು ಕದದ ಅಂಚನ್ನು ಕೊರೆದಿರುತ್ತಾರೆ, ಅದರ ಮೇಲೇ ಆಲ್ಡ್ರಾಪ್ ಬಂದರೆ ಡ್ರಿಲ್ ಪೆಟ್ಟಿಗೆಗೆ ಬಡಿಯುತ್ತದೆ, ಮರವೂ ಟೊಳ್ಳು. ಅಲ್ಲಿಂದ ಒಂದು ಗೇಣು ಮೇಲಕ್ಕೆ ಹೋಗಿ. ಪ್ಲೈವುಡ್ ಹಾಳೆ ಹೊದಿಸಿದ ಫ್ಲಶ್ ಡೋರ್ ಆದರೆ ನಡುವೆ ಟೊಳ್ಳಿರಬಹುದು, ಬೆರಳಲ್ಲಿ ಬಡಿದು ಗಟ್ಟಿ ಸದ್ದು ಬರುವ ಪಟ್ಟಿ ಹುಡುಕಿ.

ಇನ್ನು ಬಾಗಿಲವಾಡದ ತೂತು. ಸರಳಿನ ತುದಿಗೆ ಸೀಮೆಸುಣ್ಣ ಹಚ್ಚಿ, ಬಾಗಿಲು ಮುಚ್ಚಿ, ಸರಳು ತಳ್ಳಿ. ಗುರುತು ಬಿದ್ದಲ್ಲಿ 14 ಎಂಎಂ ಬಿಟ್‌ನಲ್ಲಿ 30 ಎಂಎಂ ಆಳ ಕೊರೆಯಿರಿ. 12ರ ಸರಳಿಗೆ 14ರ ತೂತು ಯಾಕೆಂದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕದ ಉಬ್ಬುತ್ತದೆ, ಬಿಗಿ ತೂತಾದರೆ ಸರಳು ಒಳಗೇ ಹೋಗದು. ಕೊರೆದ ಮೇಲೆ ಹತ್ತಿರದಿಂದ ನೋಡಿ: ತೂತಿಗೂ ಕದ ಒರಗುವ ಅಂಚಿಗೂ ನಡುವೆ ಉಳಿಯುವ ಮರ ಒಂದೆರಡು ಎಂಎಂ ಅಷ್ಟೇ, ಹಪ್ಪಳದ ಹಾಗೆ. ಹೊರಗಿನಿಂದ ಒದ್ದರೆ ಸರಳು ಒತ್ತುವುದು ಇದನ್ನೇ, ಸೀಳಿ ಬರುತ್ತದೆ. ಅದಕ್ಕೇ 3 ಎಂಎಂ ದಪ್ಪದ ಉಕ್ಕಿನ ಪಟ್ಟಿಯಲ್ಲಿ ಅದೇ ತೂತು ಮಾಡಿಸಿ, ಬಾಗಿಲವಾಡಕ್ಕೆ ಎರಡು ಇಂಚಿನ ನಾಲ್ಕು ಸ್ಕ್ರೂ ಹಾಕಿ ಬಿಗಿಯಿರಿ. ಸ್ಕ್ರೂ ಬೀಳುವ ಜಾಗಕ್ಕೆ ಮೊದಲು 3 ಎಂಎಂ ತೂತು, ಸ್ಕ್ರೂಗೆ ಸ್ವಲ್ಪ ಸೋಪು. ವೆಲ್ಡಿಂಗ್ ಶಾಪಿನಲ್ಲಿ ಹತ್ತು ನಿಮಿಷದ ಕೆಲಸ, ಆದರೂ ಮಾಡಿಸುವವರು ಕಡಿಮೆ.

ಹಳೇ ಲಾಕನ್ನು ಕೀಳಬೇಕಿಲ್ಲ. ಅದರ ಅಗುಳಿ ಒಳಕ್ಕೆ ಎಳೆದಿದೆಯೇ ಎಂದು ಖಾತ್ರಿ ಮಾಡಿಕೊಂಡು, ಕದದ ಅಂಚಿನಲ್ಲಿ ಕೀ ತೂತಿನ ನೇರಕ್ಕಿರುವ ಉದ್ದ ಸ್ಕ್ರೂ ಬಿಚ್ಚಿ ಸಿಲಿಂಡರ್ (ಕೀ ಹಾಕುವ ಭಾಗ) ಮಾತ್ರ ತೆಗೆಯಿರಿ. ಕೀ ಇದ್ದು ಸ್ವಲ್ಪ ತಿರುಗಿಸಿದರೆ ಅದು ಜಾರಿ ಬರುತ್ತದೆ, ಇಲ್ಲದಿದ್ದರೆ ಕೀ ರಿಪೇರಿಯವರಿಂದ ತೆಗೆಸಿ. ಉಳಿದ ತೂತನ್ನು ಎರಡೂ ಕಡೆ ತಗಡು ಹಾಕಿ ಮುಚ್ಚಿ. ಹಾಗೇ ಬಿಟ್ಟರೆ ಇಣುಕು ಕಿಂಡಿ, ಮೇಲಾಗಿ ಯಾರಾದರೂ ಸ್ಕ್ರೂಡ್ರೈವರ್ ತೂರಿಸಿ ಅಗುಳಿ ಹೊರಡಿಸಿದರೆ ಬೀಗ ತೆಗೆದರೂ ಬಾಗಿಲು ತೆರೆಯದು.

ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ. ತಿಪಟೂರು ಪಕ್ಕದಲ್ಲಿದ್ದರೂ ಸರಿ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಗ್ಗೆ ಕೀ ತಿರುಗದು. ಪೆನ್ಸಿಲ್ ಸೀಸದ ಪುಡಿ ಸಾಕು.

ಒಂದೇ ಬಾಗಿಲಿನ ರೂಮಿಗೆ ಇನ್ನೊಂದು ತೊಂದರೆ ಇದೆ. ಒಳಗೆ ಜನ ಇದ್ದಾಗಲೂ ಯಾರು ಬೇಕಾದರೂ ಹೊರಗಿನಿಂದ ಸರಳು ಎಳೆದು ಹೋಗಬಹುದು. ಅಂಥ ಕಡೆ ಕ್ಲಾಂಪುಗಳಿಗೆ ಒಂದೂ ಸ್ಕ್ರೂ ಹಾಕದೆ ಎಲ್ಲವನ್ನೂ ಬೋಲ್ಟಿನಲ್ಲೇ ಹಿಡಿಸಿ. ನಟ್ಟುಗಳು ಒಳಗಿರುವುದರಿಂದ ಬಿಚ್ಚಿದರೆ ಇಡೀ ಆಲ್ಡ್ರಾಪ್ ಕದ ಬಿಟ್ಟು ಕೊಡುತ್ತದೆ. 10 ನಂಬರ್ ಸ್ಪ್ಯಾನರ್ ಒಂದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿಡಿ.